ಹಳೇ ಪಂಚನಾಮೆಯಲ್ಲಿ ನಿಮ್ಮ ಮನೆಯವರು: ಅಸಹಜ ಸಾವಿನ ಕಡತ ಹುಡುಕುವುದು, ಓದುವುದು ಹೇಗೆ

ವಂಶಾವಳಿ ಬರೆಯಲು ಕೂತರೆ ಮೊದಲು ಸಿಗುವವರು ಜಮೀನಿದ್ದವರು. ಪಹಣಿ, ಕ್ರಯಪತ್ರ, ವಿಭಾಗಪತ್ರ ಎಲ್ಲದರಲ್ಲೂ ಅವರದೇ ಹೆಸರು. ಕೂಲಿಗೆ ಹೋಗುತ್ತಿದ್ದವರು, ಚಿಕ್ಕ ವಯಸ್ಸಿಗೇ ಮದುವೆಯಾಗಿ ಬೇರೆ ಊರು ಸೇರಿದ ಹೆಣ್ಣುಮಕ್ಕಳು, ಬೊಂಬಾಯಿಗೋ ಕೋಲಾರದ ಗಣಿಗೋ ಹೊರಟುಹೋದ ಹುಡುಗರು ಸಿಗುವುದು ಕಷ್ಟ. ಸರ್ಕಾರದವರು ಇಂಥವರ ಬಗ್ಗೆ ಕೂತು ಒಂದು ಪುಟ ಬರೆಯುತ್ತಿದ್ದ ಸಂದರ್ಭ ಬಹಳ ಕಮ್ಮಿ. ಅವರು ಬಾವಿಗೆ ಬಿದ್ದಾಗ, ಹಾವು ಕಚ್ಚಿ ಸತ್ತಾಗ, ತೆಂಗಿನ ಮರದಿಂದ ಜಾರಿದಾಗ, ನೇಣು ಹಾಕಿಕೊಂಡಾಗ, ಕೊಲೆಯಾದಾಗ ಮಾತ್ರ ಬರೆಯುತ್ತಿದ್ದರು.

ಆ ಬರಹಕ್ಕೆ ಶವ ಪಂಚನಾಮೆ ಅಂತಲೋ ಶವ ಮಹಜರು ಅಂತಲೋ ಹೆಸರು. ಅದರಲ್ಲಿ ಸತ್ತವರಿಗಿಂತ ಬದುಕಿದ್ದವರ ವಿವರವೇ ಜಾಸ್ತಿ ಇರುತ್ತದೆ. ಠಾಣೆಗೆ ಸುದ್ದಿ ಕೊಟ್ಟವರು ಯಾರು, ಗುರುತು ಹಿಡಿದವರು ಯಾರು, ಪಕ್ಕದ ಹೊಲ ಯಾರದು, ಶವವನ್ನು ಯಾರ ಕೈಗೆ ಕೊಟ್ಟರು, ಇಷ್ಟೂ ಸಿಗುತ್ತದೆ. ಮನೆತನದ ಚರಿತ್ರೆ ಹುಡುಕುವವರಿಗೆ ಬೇಕಾದದ್ದು ಇದೇ. ಸಾವಿನ ಕಾರಣ ಎರಡನೇ ಮಾತು, ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲೇ ಒಂದು ಎಚ್ಚರಿಕೆ. ಹಳೇ ಪಂಚನಾಮೆಗಳಲ್ಲಿ ಬಹುಪಾಲು ಉಳಿದಿಲ್ಲ. ಕೆಲವನ್ನು ನಿಯಮದ ಪ್ರಕಾರವೇ ನಾಶ ಮಾಡಿದ್ದಾರೆ, ಕೆಲವನ್ನು ಗೆದ್ದಲು ತಿಂದಿದೆ. ಹಾಗಾಗಿ ಮೂಲ ಕಡತದ ದಾರಿಯ ಜೊತೆಗೆ ಬಳಸುದಾರಿಗಳನ್ನೂ ಇಲ್ಲಿ ಕೊಟ್ಟಿದ್ದೇನೆ. ಎಷ್ಟೋ ಸಲ ಕೈಹಿಡಿಯುವುದು ಬಳಸುದಾರಿಯೇ.

1. ಮನೆಯಲ್ಲೇ ಶುರು ಮಾಡಿ

ನಮ್ಮ ಮನೆಗಳಲ್ಲಿ ಇಂಥ ಸಾವನ್ನು ಬಾಯಿಬಿಟ್ಟು ಹೇಳುವುದಿಲ್ಲ. "ಚಿಕ್ಕ ವಯಸ್ಸಲ್ಲೇ ಹೋಗ್ಬಿಟ್ಲು" ಅನ್ನುತ್ತಾರೆ, ಮಾತು ಬೇರೆ ಕಡೆ ತಿರುಗುತ್ತದೆ. ಒತ್ತಾಯ ಮಾಡಬೇಡಿ. "ಹೇಗೆ ಸತ್ತರು" ಅಂತ ಕೇಳುವ ಬದಲು "ಅಜ್ಜಿ, ಅವರ ತಿಥಿ ಯಾವಾಗ ಮಾಡ್ತಿದ್ರು?" ಅಂತ ಕೇಳಿ ನೋಡಿ. ಶ್ರಾದ್ಧ ಮಾಡುವ ಮನೆಗಳಲ್ಲಿ ಈ ಒಂದು ಪ್ರಶ್ನೆಗೆ ಬರುವ ಉತ್ತರ ದೊಡ್ಡ ಸುಳಿವು.

ಯಾಕೆಂದರೆ ಪಿತೃಪಕ್ಷದಲ್ಲಿ ಚತುರ್ದಶಿಗೆ ಬೇರೆಯದೇ ಲೆಕ್ಕ ಇದೆ. ಅದನ್ನು ಘಾತ ಚತುರ್ದಶಿ ಅನ್ನುತ್ತಾರೆ. ಆಯುಧದಿಂದ, ನೀರಿನಿಂದ, ವಿಷದಿಂದ, ಅಪಘಾತದಿಂದ ಸತ್ತವರಿಗೆ ಅವತ್ತು ತರ್ಪಣ ಬಿಡುವ ರೂಢಿ. ಮನೆಯಲ್ಲಿ ಯಾರಿಗಾದರೂ ಅವತ್ತು ಬಿಡುತ್ತಿದ್ದರು ಅಂತ ಗೊತ್ತಾದರೆ ಹುಡುಕಲು ಕಾರಣ ಸಿಕ್ಕ ಹಾಗೆಯೇ. ನಾರಾಯಣ ಬಲಿ ಮಾಡಿಸಿದ್ದರು ಅನ್ನುವ ಮಾತು ಬಂದರೂ ಅಷ್ಟೇ.

ತಿಥಿ ಗೊತ್ತಾದರೆ ಮಾಸ, ಪಕ್ಷ ಗೊತ್ತಾಗುತ್ತದೆ. ಅದರ ಜೊತೆ ಸಂವತ್ಸರದ ಹೆಸರೂ ನೆನಪಿದ್ದರೆ ವರ್ಷವೂ ಸಿಕ್ಕ ಹಾಗೆ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಪ್ಲವ ಅಂದರೆ 1901–02 ಆಗಬಹುದು, 1961–62 ಕೂಡ ಆಗಬಹುದು. ಎರಡರಲ್ಲಿ ಯಾವುದು ಅನ್ನುವುದನ್ನು ಮನೆಯವರ ವಯಸ್ಸೇ ಹೇಳಿಬಿಡುತ್ತದೆ. ಆಮೇಲೆ ಆ ವರ್ಷದ ಪಂಚಾಂಗ ತೆಗೆದು ಇಂಗ್ಲಿಷ್ ತಾರೀಖು ಮಾಡಿಕೊಳ್ಳಿ.

ತಿಥಿ ಲೆಕ್ಕ ಇಲ್ಲದ ಮನೆಗಳಲ್ಲಿ ಬೇರೆ ಗುರುತು ಹಿಡಿದು ಕೇಳಬೇಕು. ಆಗ ಕೈಕೂಸಾಗಿದ್ದ ಮಗು ಯಾವುದು? ಗಾಂಧಿ ಸತ್ತದ್ದಕ್ಕೆ ಮುಂಚೆಯೋ ಆಮೇಲೋ? ಊರಿಗೆ ಕರೆಂಟ್ ಬಂದಿತ್ತಾ? ಉತ್ತರ ಕರ್ನಾಟಕದ ಕಡೆಯವರಾದರೆ ನಿಮ್ಮ ಮನೆತನಕ್ಕೆ ಬರುವ ಹೆಳವರನ್ನು ಕೇಳಿ. ತಲೆಮಾರುಗಳ ಹೆಸರು ಹೇಳುವುದೇ ಅವರ ಕೆಲಸ. ಅವರು ಹೇಳುವ ವಂಶದಲ್ಲಿ ಒಂದು ಕವಲು ಥಟ್ಟನೆ ನಿಂತಿದ್ದರೆ ಅಲ್ಲಿ ಪ್ರಶ್ನೆ ಹಾಕಿ.

2. ತಾರೀಖು ಗಟ್ಟಿ ಮಾಡಿಕೊಳ್ಳಿ

ವರ್ಷ ಗೊತ್ತಿಲ್ಲದೆ ಯಾವ ಕಚೇರಿಗೂ ಹೋಗಬೇಡಿ. "ಸುಮಾರು ಅರವತ್ತು ವರ್ಷದ ಹಿಂದೆ" ಅಂದರೆ ಯಾವ ಗುಮಾಸ್ತರೂ ಕಪಾಟು ತೆರೆಯುವುದಿಲ್ಲ. ಅವರದೂ ತಪ್ಪಲ್ಲ.

ಸತ್ತವರ ಹೆಸರಲ್ಲಿ ಚೂರು ಜಮೀನಿದ್ದರೂ ಪೌತಿ ಖಾತೆ ಆಗಿರುತ್ತದೆ. ಬೊಂಬಾಯಿ ಕರ್ನಾಟಕದ ಕಡೆ ಇದನ್ನು ವಾರಸಾ ಅನ್ನುತ್ತಾರೆ. ಹಕ್ಕು ಬದಲಾವಣೆಯ ಪುಸ್ತಕದಲ್ಲಿ, ಅಂದರೆ ಮ್ಯುಟೇಶನ್ ರಿಜಿಸ್ಟರಿನಲ್ಲಿ, ಇಂಥವರು ತೀರಿಕೊಂಡಿದ್ದರಿಂದ ಇಂಥ ವಾರಸುದಾರರ ಹೆಸರಿಗೆ ಅಂತ ಬರೆದಿರುತ್ತಾರೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಸರ್ವೆ ನಂಬರ್ ಕೊಟ್ಟು ನಕಲಿಗೆ ಅರ್ಜಿ ಹಾಕಬಹುದು. ಒಂದು ವಿಷಯ ನೆನಪಿರಲಿ. ಖಾತೆ ಬದಲಾದ ದಿನ ಬೇರೆ, ಸತ್ತ ದಿನ ಬೇರೆ. ಮಧ್ಯೆ ಹತ್ತು ವರ್ಷ ಕಳೆದಿದ್ದರೂ ಆಶ್ಚರ್ಯವಿಲ್ಲ.

ಹಳೇ ಮದ್ರಾಸ್ ಪ್ರಾಂತ್ಯದ ಮತ್ತು ನಿಜಾಮರ ಸೀಮೆಯ ಕಾಗದಗಳಲ್ಲಿ ಫಸಲಿ ವರ್ಷ, ಅಂದರೆ ಕಂದಾಯದ ಲೆಕ್ಕದ ವರ್ಷ, ಕಾಣುತ್ತದೆ. ಅದಕ್ಕೆ 590 ಕೂಡಿಸಿದರೆ ಆ ಫಸಲಿ ಶುರುವಾಗುವ ಇಂಗ್ಲಿಷ್ ವರ್ಷ ಬರುತ್ತದೆ. ಮದ್ರಾಸಿನ ಲೆಕ್ಕದಲ್ಲಿ ಫಸಲಿ 1345 ಅಂದರೆ 1935ರ ಜುಲೈಯಿಂದ 1936ರ ಜೂನ್‌ವರೆಗೆ. ಹೈದರಾಬಾದಿನ ಫಸಲಿ ಶುರುವಾಗುತ್ತಿದ್ದದ್ದು ಅಕ್ಟೋಬರಿನಲ್ಲಿ. ಮೂರು ತಿಂಗಳ ಈ ವ್ಯತ್ಯಾಸ ಗಮನಿಸದೆ ತಪ್ಪು ವರ್ಷದ ಪುಸ್ತಕ ತೆಗೆಸುವವರು ಜಾಸ್ತಿ.

ಇನ್ನು ಮರಣ ಪ್ರಮಾಣಪತ್ರ. ಈಗ ಚಾಲ್ತಿಯಲ್ಲಿರುವುದು 1969ರ ಜನನ ಮರಣ ನೋಂದಣಿ ಕಾಯ್ದೆ. ಅದರ 17ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ರಿಜಿಸ್ಟರ್ ಹುಡುಕಿಸಿ ನಕಲು ಪಡೆಯಬಹುದು. ಆದರೆ ಅದೇ ಸೆಕ್ಷನ್ನು ಇನ್ನೊಂದು ಮಾತನ್ನೂ ಹೇಳುತ್ತದೆ: ಮರಣದ ನಕಲಿನಲ್ಲಿ ಸಾವಿನ ಕಾರಣ ತೋರಿಸುವ ಹಾಗಿಲ್ಲ. ರಿಜಿಸ್ಟರಿನಲ್ಲಿ ಕಾರಣ ಬರೆದಿದ್ದರೂ ನಿಮ್ಮ ಕೈಗೆ ಬರುವ ಕಾಗದದಲ್ಲಿ ಅದು ಇರುವುದಿಲ್ಲ. ಕಾರಣ ಸಿಗುತ್ತದೆ ಅಂತ ಪ್ರಮಾಣಪತ್ರದ ಹಿಂದೆ ಓಡಬೇಡಿ. ತಾರೀಖು, ಸತ್ತ ಜಾಗ, ನೋಂದಣಿಯ ದಿನ, ಈ ಮೂರಕ್ಕಾಗಿ ಪಡೆಯಿರಿ. ಸತ್ತ ಜಾಗ ಸ್ವಂತ ಊರು ಬಿಟ್ಟು ಜಿಲ್ಲಾ ಆಸ್ಪತ್ರೆ ಅಂತಿದ್ದರೆ ಮುಂದೆ ಯಾವ ಠಾಣೆಯನ್ನು ಕೇಳಬೇಕು ಅನ್ನುವುದೇ ಬದಲಾಗಬಹುದು.

3. ಆ ದಿನ ಆ ಊರು ಯಾರ ಕೈಯಲ್ಲಿತ್ತು?

ಇಡೀ ಹುಡುಕಾಟದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಹೆಜ್ಜೆ ಇದು. ಜನ ಎಡವುವುದೂ ಇಲ್ಲೇ. ಇವತ್ತಿನ ಕರ್ನಾಟಕದ ನಕ್ಷೆ ರೂಪುಗೊಂಡದ್ದು 1956ರ ನವೆಂಬರ್ 1ರಂದು. ಅದಕ್ಕೆ ಮುಂಚಿನ ಸಾವಾದರೆ ಕಾಗದ ಎಲ್ಲಿಗೆ ಹೋಗಿರಬೇಕು ಅನ್ನುವುದನ್ನು ಆಗಿನ ಗಡಿ ನೋಡಿ ಲೆಕ್ಕ ಹಾಕಬೇಕು.

ಮೈಸೂರು ಸಂಸ್ಥಾನದ ಊರಾದರೆ ಸರ್ಕಾರದ ಮಟ್ಟದ ಕಡತಗಳು ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯಲ್ಲಿವೆ. ಆದರೆ ಹಳ್ಳಿಯ ಒಂದು ಬಾವಿ ಸಾವು ಅಲ್ಲಿಯವರೆಗೆ ಹೋಗಿರುವುದು ಅಪರೂಪ. ಮನೆಯವರು ಮೇಲಿನವರಿಗೆ ಅರ್ಜಿ ಬರೆದಿದ್ದರೆ, ಪೊಲೀಸರ ಮೇಲೆ ಆಪಾದನೆ ಬಂದಿದ್ದರೆ, ಜೈಲಿನಲ್ಲಿ ಸತ್ತಿದ್ದರೆ, ಗಲಭೆಯಲ್ಲಿ ಸತ್ತಿದ್ದರೆ ಹೋಗಿರುತ್ತದೆ. ಅಂಥ ಕಥೆ ಮನೆಯಲ್ಲಿದ್ದರೆ ಮಾತ್ರ ಅಲ್ಲಿಂದ ಶುರು ಮಾಡಿ.

ಬೆಂಗಳೂರಿನವರಿಗೆ ಒಂದು ಸೂಕ್ಷ್ಮವಿದೆ. ದಂಡು ಪ್ರದೇಶ, ಅಂದರೆ ಹಲಸೂರು, ಈಗಿನ ಶಿವಾಜಿನಗರದ ಕಡೆ, ಮಹಾರಾಜರ ಆಡಳಿತಕ್ಕೆ ಸೇರಿರಲಿಲ್ಲ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅಂತ ಅದು ಬ್ರಿಟಿಷ್ ರೆಸಿಡೆಂಟರ, ಅಂದರೆ ಸಂಸ್ಥಾನದಲ್ಲಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯ, ಕೈಯಲ್ಲಿತ್ತು. ಮೈಸೂರಿಗೆ ಮರಳಿದ್ದು 1947ರ ಜುಲೈನಲ್ಲಿ. ನಿಮ್ಮ ಮುತ್ತಾತ 1930ರಲ್ಲಿ ಹಲಸೂರು ಕೆರೆಯಲ್ಲಿ ಮುಳುಗಿ ಸತ್ತಿದ್ದರೆ ಮೈಸೂರು ಸಂಸ್ಥಾನದ ಕಡತದಲ್ಲಿ ಹುಡುಕಿ ಪ್ರಯೋಜನವಿಲ್ಲ. ಮೈಸೂರು ರೆಸಿಡೆನ್ಸಿಯ ಕಡತಗಳು ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿವೆ. ಅವರ ಅಭಿಲೇಖ್ ಪಟಲ್ ಜಾಲತಾಣದಲ್ಲಿ ಕಡತದ ಹೆಸರು ಹಾಕಿ ಮನೆಯಿಂದಲೇ ಹುಡುಕಬಹುದು. ಕೊಡಗಿನವರಿಗೂ ಇದು ಅನ್ವಯ. 1940ರವರೆಗೆ ಮೈಸೂರಿನ ರೆಸಿಡೆಂಟರೇ ಕೊಡಗಿನ ಚೀಫ್ ಕಮಿಷನರೂ ಆಗಿದ್ದರು.

ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಇವರೆಲ್ಲರ ಸರ್ಕಾರಿ ಕಡತಗಳಿಗೆ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರ. ಕಾಸರಗೋಡು ಕೂಡ ಆಗ ದಕ್ಷಿಣ ಕನ್ನಡದ್ದೇ. ಮನೆತನ ಗಡಿಯ ಎರಡೂ ಕಡೆ ಹರಡಿದ್ದರೆ ಮಂಗಳೂರು, ಕಾಸರಗೋಡು ಎರಡೂ ಕಡೆ ಕೇಳಬೇಕು.

ಧಾರವಾಡ, ಬೆಳಗಾವಿ, ಬಿಜಾಪುರ ಬೊಂಬಾಯಿ ಪ್ರಾಂತ್ಯ. ಉತ್ತರ ಕನ್ನಡ ಮೊದಲು ಮದ್ರಾಸಿನಲ್ಲಿದ್ದು 1862ರಲ್ಲಿ ಬೊಂಬಾಯಿಗೆ ಹೋಯಿತು. ಇವಕ್ಕೆ ಮುಂಬೈಯ ಮಹಾರಾಷ್ಟ್ರ ಪತ್ರಾಗಾರ. ಅದು ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿದೆ. ನಡುನಡುವೆ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರಿನಂಥ ಚಿಕ್ಕ ಸಂಸ್ಥಾನಗಳಿದ್ದವು ಅನ್ನುವುದು ಮರೆಯಬೇಡಿ. ಪಕ್ಕದ ಊರು ಬ್ರಿಟಿಷರದು, ನಿಮ್ಮ ಊರು ಸಂಸ್ಥಾನದ್ದು ಆಗಿರಬಹುದು. ಬೀದರ್, ಗುಲ್ಬರ್ಗ, ರಾಯಚೂರು ನಿಜಾಮರವು. ಹೈದರಾಬಾದಿನ ತಾರ್ನಾಕಾದಲ್ಲಿರುವ ಪತ್ರಾಗಾರಕ್ಕೆ ಹೋಗಬೇಕು. ಅಲ್ಲಿನ ಕಾಗದ ಹೆಚ್ಚಾಗಿ ಉರ್ದುವಿನಲ್ಲಿ, ಹಳೆಯವು ಪಾರ್ಸಿಯಲ್ಲಿ. ಓದುವವರನ್ನು ಜೊತೆಗೆ ಕರೆದುಕೊಂಡೇ ಹೋಗಿ.

4. ಕಾಗದ ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು

ಒಂದು ಸಾವಿಗೆ ಒಂದೇ ಕಾಗದ ಇರುವುದಿಲ್ಲ. ಕೈಯಿಂದ ಕೈಗೆ ಹೋಗುತ್ತಾ ಪ್ರತಿ ಕಡೆಯೂ ಒಂದೊಂದು ಪ್ರತಿ, ಒಂದೊಂದು ನಮೂದು ಉಳಿಯುತ್ತದೆ. ಒಂದು ಕಡೆ ನಾಶವಾಗಿದ್ದರೆ ಇನ್ನೊಂದು ಕಡೆ ಕೇಳಬಹುದು.

1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 45ನೇ ಸೆಕ್ಷನ್ ಪ್ರಕಾರ ಹಳ್ಳಿಯಲ್ಲಿ ಹಠಾತ್ ಸಾವೋ ಅನುಮಾನದ ಸಾವೋ ಆದರೆ ಊರ ಮುಖ್ಯಸ್ಥ ವರದಿ ಕೊಡಲೇಬೇಕಿತ್ತು. ಮೈಸೂರು ಕಡೆ ಪಟೇಲ, ಬೊಂಬಾಯಿ ಕಡೆ ಪೊಲೀಸ್ ಪಾಟೀಲ. ಈ ವಂಶಪಾರಂಪರ್ಯದ ಹುದ್ದೆಗಳು 1963ರಲ್ಲಿ ರದ್ದಾದವು. ಪಟೇಲರ, ಶಾನುಭೋಗರ, ಕುಲಕರ್ಣಿಗಳ ಮನೆಯ ಅಟ್ಟದಲ್ಲಿ ಇನ್ನೂ ಕಾಗದದ ಗಂಟುಗಳಿವೆ. ಊರಿಗೆ ಹೋದಾಗ ಆ ಮನೆಯವರನ್ನು ಒಮ್ಮೆ ಮಾತಾಡಿಸಿ. ಹೋಗುವಾಗ ಹೂವು ಹಣ್ಣು ತೆಗೆದುಕೊಂಡು ಹೋಗಿ, ಮೊದಲ ದಿನವೇ ಅಟ್ಟ ಹತ್ತಲು ಕೇಳಬೇಡಿ.

ಪಟೇಲರ ವರದಿ ಠಾಣೆಗೆ ಹೋಗುತ್ತಿತ್ತು. ಅದೇ ಕೋಡಿನ 174ನೇ ಸೆಕ್ಷನ್ನಿನಂತೆ ಪೊಲೀಸರು ಬಂದು, ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮರ್ಯಾದಸ್ಥರ ಮುಂದೆ ಶವ ನೋಡಿ ಪಂಚನಾಮೆ ಬರೆಯಬೇಕು. 1973ರ ಹೊಸ ಕೋಡಿನಲ್ಲೂ ಇದು 174 ಆಗಿಯೇ ಉಳಿಯಿತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194 ಆಗಿದೆ. ಹಳೇ ಕಾಗದದಲ್ಲಿ "174 ಸಿಆರ್‌ಪಿಸಿ" ಅಂತ ಕಂಡರೆ ಅದು ಅಸಹಜ ಸಾವಿನ ವಿಚಾರಣೆ ಅಂತ ತಿಳಿಯಿರಿ. ನಮ್ಮ ಠಾಣೆಗಳಲ್ಲಿ ಇದಕ್ಕೆ ಯುಡಿಆರ್ (ಅನ್‌ನ್ಯಾಚುರಲ್ ಡೆತ್ ರಿಪೋರ್ಟ್, ಅಂದರೆ ಅಸಹಜ ಸಾವಿನ ವರದಿ) ನಂಬರ್ ಕೊಡುತ್ತಾರೆ, ನಂಬರಿನ ಮುಂದೆ ವರ್ಷ ಇರುತ್ತದೆ. ಆ ನಂಬರ್ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಠಾಣೆಯಿಂದ ಶವ ಸರ್ಕಾರಿ ಡಾಕ್ಟರ ಹತ್ತಿರ ಹೋಗುತ್ತದೆ. ಮರಣೋತ್ತರ ಪರೀಕ್ಷೆಯ ವರದಿಯ ಒಂದು ಪ್ರತಿ ಆಸ್ಪತ್ರೆಯಲ್ಲಿ ಉಳಿಯುತ್ತದೆ. ವಿಷದ ಅನುಮಾನವಿದ್ದರೆ ಕರುಳು, ಹೊಟ್ಟೆಯ ಭಾಗ ಕೆಮಿಕಲ್ ಎಗ್ಸಾಮಿನರ್‌ಗೆ, ಅಂದರೆ ವಿಷ ಪರೀಕ್ಷೆ ಮಾಡುವ ಸರ್ಕಾರಿ ಅಧಿಕಾರಿಗೆ, ಹೋಗುತ್ತಿತ್ತು. ಕೊನೆಯ ವರದಿ ಹೋಗುವುದು ಜಿಲ್ಲಾ ಅಥವಾ ಉಪವಿಭಾಗದ ಮ್ಯಾಜಿಸ್ಟ್ರೇಟರಿಗೆ, ಇವತ್ತಿನ ಲೆಕ್ಕದಲ್ಲಿ ಅಸಿಸ್ಟೆಂಟ್ ಕಮಿಷನರ (ಎ.ಸಿ.) ಕಚೇರಿಗೆ. ಎಲ್ಲರೂ ಠಾಣೆಯನ್ನೇ ಕೇಳಿ ಇಲ್ಲ ಅನ್ನಿಸಿಕೊಂಡು ವಾಪಸ್ ಬರುತ್ತಾರೆ. ಎ.ಸಿ. ಕಚೇರಿಯ ಹಳೇ ರೆಕಾರ್ಡ್ ರೂಮನ್ನು ಕೇಳುವವರು ಕಮ್ಮಿ.

1983ರಲ್ಲಿ ಬಂದ ತಿದ್ದುಪಡಿಯೊಂದು ಹುಡುಕುವವರಿಗೆ ಅನುಕೂಲವಾಗಿದೆ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೆ, ಅನುಮಾನಾಸ್ಪದವಾಗಿ ಸತ್ತರೆ ಮರಣೋತ್ತರ ಪರೀಕ್ಷೆಗೆ ಕಳಿಸಬೇಕು ಅಂತಾಯಿತು. ಇಂಥ ಪ್ರಕರಣಗಳಲ್ಲಿ ತಹಶೀಲ್ದಾರರೇ ಬಂದು ಶವ ಪಂಚನಾಮೆ ಮಾಡುವುದು ರೂಢಿ. ಹಾಗಾಗಿ ತಾಲ್ಲೂಕು ಕಚೇರಿಯಲ್ಲೂ ಒಂದು ಪ್ರತಿ ಇರುವ ಸಾಧ್ಯತೆ ಇದೆ.

5. ಕೇಳುವ ರೀತಿ

ಅರ್ಜಿ ಹಾಕುವ ಮುಂಚೆ ಆಗ ಆ ಊರು ಯಾವ ಠಾಣೆಗೆ ಸೇರಿತ್ತು ಅಂತ ಪತ್ತೆ ಮಾಡಿ. ಇವತ್ತಿನ ಠಾಣೆ ಆಗ ಹುಟ್ಟೇ ಇರಲಿಕ್ಕಿಲ್ಲ. ಠಾಣೆ ಒಡೆದು ಎರಡಾದಾಗ ಹಳೇ ಪುಸ್ತಕಗಳು ಮೂಲ ಠಾಣೆಯಲ್ಲೇ ಉಳಿದಿರಬಹುದು.

ಮೊದಲು ಸುಮ್ನೆ ಹೋಗಿ ಮಾತಾಡಿ. ಆಗಲಿಲ್ಲವೆಂದರೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. 2005ರ ಕಾಯ್ದೆಯ 8(3) ಸೆಕ್ಷನ್ನನ್ನು ಅರ್ಜಿಯಲ್ಲೇ ಬರೆಯಿರಿ. 20 ವರ್ಷಕ್ಕಿಂತ ಹಿಂದಿನ ಘಟನೆಯ ಮಾಹಿತಿಯನ್ನು, ದೇಶದ ಭದ್ರತೆಯಂಥ ಕೆಲವು ಕಾರಣ ಬಿಟ್ಟು, ಕೊಡಬೇಕು ಅಂತ ಅದು ಹೇಳುತ್ತದೆ. ಖಾಸಗಿ ವಿಷಯ ಅಂತ ಹೇಳಿ ಕಳಿಸುವುದಕ್ಕೆ ಇದೇ ಉತ್ತರ.

ಅರ್ಜಿಯ ಒಕ್ಕಣೆ ಹೀಗಿದ್ದರೆ ಸಾಕು: "ತಮ್ಮ ಠಾಣಾ ಸರಹದ್ದಿನ ಇಂಥ ಗ್ರಾಮದಲ್ಲಿ 1978ರ ಮಾರ್ಚ್‌ನಿಂದ ಮೇ ಒಳಗೆ ದಾಖಲಾದ ಅಸಹಜ ಮರಣ ಪ್ರಕರಣಗಳ ರಿಜಿಸ್ಟರಿನ ಸಂಬಂಧಪಟ್ಟ ಪುಟದ ದೃಢೀಕೃತ ನಕಲು ಕೊಡಬೇಕು. ಕಡತ ನಾಶಪಡಿಸಿದ್ದಲ್ಲಿ, ನಾಶಪಡಿಸಿದ ಆದೇಶದ ಮತ್ತು ಪಟ್ಟಿಯ ನಕಲು ಕೊಡಬೇಕು." ಆ ಎರಡನೇ ವಾಕ್ಯ ಬಿಡಬೇಡಿ. ಪಟ್ಟಿ ಹುಡುಕಲು ಹೋದಾಗ ಕಡತವೇ ಸಿಕ್ಕಿಬಿಡುವುದೂ ಉಂಟು. ಕಡತ ಹೋಗಿದ್ದರೂ ಪಟ್ಟಿಯಲ್ಲಿ ಹೆಸರು, ನಂಬರ್ ಇದ್ದರೆ ಅದೇ ಒಂದು ಆಧಾರ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ.

6. ಕಾಗದ ಕೈಗೆ ಬಂತು, ಈಗ ಓದುವುದು

ಮೊದಲ ಸಲ ಓದುವಾಗ ಕಣ್ಣು ಗಾಯದ ವಿವರದ ಮೇಲೇ ನಿಲ್ಲುತ್ತದೆ. ಅದು ಸಹಜ. ಒಮ್ಮೆ ಓದಿ ಮುಚ್ಚಿಡಿ. ಮರುದಿನ ಒಂದು ಖಾಲಿ ಹಾಳೆ ಇಟ್ಟುಕೊಂಡು ಗಾಯ ಬಿಟ್ಟು ಮಿಕ್ಕದ್ದನ್ನೆಲ್ಲ ಪಟ್ಟಿ ಮಾಡಿ.

ಹೆಸರುಗಳಿಂದ ಶುರು ಮಾಡಿ. "ಬಿನ್" ಅಂದರೆ ಇಂಥವರ ಮಗ, "ಕೋಂ" ಅಂದರೆ ಇಂಥವರ ಹೆಂಡತಿ, "ಉರುಫ್" ಆದ ಮೇಲೆ ಬರುವುದು ಊರಲ್ಲಿ ಕರೆಯುತ್ತಿದ್ದ ಹೆಸರು. ಮನೆಯಲ್ಲಿ ಎಲ್ಲರೂ ಕರೆಯುವ ಹೆಸರಿಗೂ ಪಹಣಿಯ ಹೆಸರಿಗೂ ಹೊಂದಿಕೆಯಾಗದೆ ಒದ್ದಾಡುತ್ತಿದ್ದರೆ ಆ ಉರುಫ್ ಒಂದೇ ಗಂಟು ಬಿಡಿಸಬಹುದು. ಮದುವೆಯಲ್ಲಿ ಹೆಸರು ಬದಲಿಸುವ ಮನೆಗಳಲ್ಲಂತೂ ತವರಿನ ಹೆಸರು ತವರಿನವರ ಹೇಳಿಕೆಯಲ್ಲಿ ಮಾತ್ರ ಇರುತ್ತದೆ.

ಪಂಚರ, ಅಂದರೆ ಪಂಚನಾಮೆಗೆ ಸಾಕ್ಷಿಯಾಗಿ ನಿಂತ ನೆರೆಹೊರೆಯವರ, ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಕಸುಬು, ಊರು ಬರೆದಿರುತ್ತಾರೆ. ಅವರು ಯಾರೋ ಹೊರಗಿನವರು ಅಂದುಕೊಂಡು ಬಿಡಬೇಡಿ. ನಿಮ್ಮ ಹತ್ತಿರ ಇರುವ ಹಳೇ ಕ್ರಯಪತ್ರದ ಸಾಕ್ಷಿಗಳ ಜೊತೆ ಹೋಲಿಸಿ. ಅದೇ ಹೆಸರು ಮತ್ತೆ ಬಂದರೆ ಆ ಮನೆಗೂ ನಿಮ್ಮ ಮನೆಗೂ ಹತ್ತಿರದ ಬಳಕೆ ಇತ್ತು ಅಂತ ಅರ್ಥ. ಆ ಮನೆಯ ಮೊಮ್ಮಕ್ಕಳ ಬಾಯಲ್ಲಿ ಕಥೆ ಇನ್ನೂ ಉಳಿದಿರಬಹುದು.

ಜಾಗದ ಚಕ್ಕುಬಂದಿ ನೋಡಿ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ, ಬಾವಿ ಯಾರದು. ಇದನ್ನು ಹಿಡಿದು ಕಂದಾಯ ನಕ್ಷೆಯಲ್ಲಿ ಸರ್ವೆ ನಂಬರ್ ಗುರುತಿಸಬಹುದು. ಮೈಮೇಲಿನ ಬಟ್ಟೆ, ಒಡವೆಯ ಪಟ್ಟಿಯೂ ಮಾತಾಡುತ್ತದೆ. ತಾಳಿ, ಕಾಲುಂಗುರ ಇದೆಯೋ ಇಲ್ಲವೋ ಅನ್ನುವುದರಿಂದ ಮುತ್ತೈದೆಯೋ ವಿಧವೆಯೋ ಊಹಿಸಬಹುದು. ಹೆಂಗಸರ ಮರಣೋತ್ತರ ವರದಿಯಲ್ಲಿ ಗರ್ಭಿಣಿಯಾಗಿದ್ದರೆ ಅದೂ ಇರುತ್ತದೆ. ಓದುವ ಮುಂಚೆ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ನಾನು ಎಲ್ಲಕ್ಕಿಂತ ಜಾಸ್ತಿ ಬೆಲೆ ಕೊಡುವ ಸಾಲು ಕೊನೆಯಲ್ಲಿರುತ್ತದೆ: ಶವವನ್ನು ಅಂತ್ಯಕ್ರಿಯೆಗಾಗಿ ಯಾರಿಗೆ ಒಪ್ಪಿಸಲಾಯಿತು. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಅಜ್ಜಿಯ ತಂಗಿ ಗಂಡನ ಊರಿನಲ್ಲಿ ಸತ್ತಿದ್ದಾಳೆ. ಸುದ್ದಿ ಕೊಟ್ಟವನು ಮೈದುನ. ಶವ ತೆಗೆದುಕೊಂಡವನು ಅಣ್ಣ. ಗಂಡನ ಹೇಳಿಕೆಯೇ ಇಲ್ಲ. ಈ ಮೂರು ಸಾಲಿನಿಂದ ಎಷ್ಟು ಪ್ರಶ್ನೆ ಹುಟ್ಟುತ್ತವೆ ನೋಡಿ. ಗಂಡ ಊರಲ್ಲಿರಲಿಲ್ಲವೇ? ಬೊಂಬಾಯಿಗೆ ಹೋಗಿದ್ದನೇ? ಎರಡು ಮನೆಗೂ ಮಾತು ನಿಂತಿತ್ತೇ? ಅಣ್ಣನ ಊರು ನಿಮಗೆ ಗೊತ್ತಿರುವ ತವರೇ, ಬೇರೆಯೇ? ಮುಂದಿನ ಹುಡುಕಾಟ ಇಲ್ಲಿಂದ ಕವಲೊಡೆಯುತ್ತದೆ.

ಇನ್ನು ಸಾವಿನ ಕಾರಣ. ಅದನ್ನು ಎರಡನೇ ಮಾತು ಅಂದಿದ್ದಕ್ಕೆ ಕಾರಣ ಇದೆ. "ಹೊಟ್ಟೆನೋವು ತಾಳಲಾರದೆ", "ಕಾಲು ಜಾರಿ ಬಿದ್ದು", "ಜೀವನದಲ್ಲಿ ಜಿಗುಪ್ಸೆಗೊಂಡು" ಅನ್ನುವ ಮಾತುಗಳು ಎಷ್ಟು ಕಡತದಲ್ಲಿ ಹಾಗ್ಹಾಗೇ ಬಂದಿವೆಯೋ ಲೆಕ್ಕವಿಲ್ಲ. ಬರೆಯುವವರಿಗೆ ಅವು ಬಾಯಿಪಾಠ. ಮನೆಯ ಮಾನ, ಠಾಣೆಯ ಅನುಕೂಲ, ಪಂಚರ ದಾಕ್ಷಿಣ್ಯ ಎಲ್ಲ ಸೇರಿ ಆ ಸಾಲು ಆಗುತ್ತದೆ. ಹಾಗಂತ ಪ್ರತಿ ಹೊಟ್ಟೆನೋವಿನ ಹಿಂದೆಯೂ ಕೊಲೆ ಇದೆ ಅಂತ ಊಹಿಸುವುದೂ ತಪ್ಪು. ಹೊಟ್ಟೆನೋವಿನಿಂದ ನರಳಿದವರೂ ಇದ್ದರಲ್ವಾ. ವಂಶಾವಳಿಯಲ್ಲಿ "ಪೊಲೀಸ್ ವರದಿಯ ಪ್ರಕಾರ ಹೀಗೆ" ಅಂತ ಬರೆದು ಬಿಡಿ. ವಯಸ್ಸಿನ ಬಗ್ಗೆಯೂ ಅಷ್ಟೇ. "ಸುಮಾರು 30" ಅಂದರೆ 24 ಇರಬಹುದು, 38 ಇರಬಹುದು.

ಸಿಕ್ಕಿದ್ದನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಮೊದಲು ಸತ್ತವರ ಮಕ್ಕಳು, ಒಡಹುಟ್ಟಿದವರು ಯಾರಾದರೂ ಇದ್ದರೆ ಒಬ್ಬೊಬ್ಬರೇ ಕೂತು ಹೇಳಿ. ಬೇಡ ಅಂದವರಿಗೆ ಹೇಳಬೇಡಿ. ಕಡತದಲ್ಲಿ ಯಾರ ಮೇಲೋ ಅನುಮಾನ ಬರೆದಿದ್ದರೆ ಅದು ಅನುಮಾನ ಮಾತ್ರ. ಕೇಸಾಯಿತೇ, ಶಿಕ್ಷೆಯಾಯಿತೇ ಅಂತ ಕೋರ್ಟಿನ ತೀರ್ಪು ನೋಡದೆ ಆ ಹೆಸರನ್ನು ಎಲ್ಲೂ ಬರೆಯಬೇಡಿ. ಅವರ ಮೊಮ್ಮಕ್ಕಳು ಅದೇ ಊರಲ್ಲಿರುತ್ತಾರೆ.

7. ಮೂಲ ಕಡತ ಸಿಗಲಿಲ್ಲ ಅಂದರೆ

ಪತ್ರಿಕೆ ನೋಡಿ. ಪ್ರಜಾವಾಣಿ 1948ರಲ್ಲಿ, ಉದಯವಾಣಿ 1970ರಲ್ಲಿ ಶುರುವಾದವು. ಹುಬ್ಬಳ್ಳಿ ಕಡೆಗೆ ಸಂಯುಕ್ತ ಕರ್ನಾಟಕ ಇನ್ನೂ ಹಳೆಯದು. ತಾರೀಖು ಗೊತ್ತಿದ್ದರೆ ಮುಂದಿನ ಒಂದು ವಾರದ ಜಿಲ್ಲಾ ಸುದ್ದಿಯ ಪುಟ ತಿರುವಿ. ಒಬ್ಬರ ಸಾವಿಗೆ ನಾಲ್ಕು ಸಾಲು ಇದ್ದರೆ ಹೆಚ್ಚು, ಆದರೆ ಆ ನಾಲ್ಕು ಸಾಲಿನಲ್ಲಿ ಠಾಣೆಯ ಹೆಸರಿರುತ್ತದೆ.

ಕೊಲೆಯಾಗಿ, ಕೊಂದವರಿಗೆ ಮರಣದಂಡನೆಯಾಗಿದ್ದರೆ ಅದೃಷ್ಟ. ಮಾತು ಒರಟಾಗಿ ಕೇಳಿಸುತ್ತದೆ, ಆದರೆ ಹುಡುಕುವವರಿಗೆ ಹಾಗೆಯೇ. ಸೆಷನ್ಸ್ ಕೋರ್ಟಿನ ಮರಣದಂಡನೆಯನ್ನು ಹೈಕೋರ್ಟ್ ಖಾತ್ರಿ ಮಾಡಲೇಬೇಕು. ಹಾಗಾಗಿ ತೀರ್ಪು ಎರಡು ಕಡೆ ಇರುತ್ತದೆ, ಕೆಲವು ಅಚ್ಚಾಗಿರುತ್ತವೆ. ಬೊಂಬಾಯಿ, ಮದ್ರಾಸ್ ಹೈಕೋರ್ಟಿನ ಹಳೇ ತೀರ್ಪುಗಳು ಇಂಡಿಯನ್ ಕಾನೂನ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಊರಿನ ಹೆಸರನ್ನು ಹಳೇ ಇಂಗ್ಲಿಷ್ ಕಾಗುಣಿತದಲ್ಲಿ ಹಾಕಿ ಹುಡುಕಬೇಕು. ತೀರ್ಪಿನಲ್ಲಿ ಮನೆಯ ಜಗಳ, ಯಾರು ಯಾರಿಗೆ ಏನಾಗಬೇಕು, ಮನೆಯ ಬಾಗಿಲು ಯಾವ ಕಡೆಗಿತ್ತು, ಎಲ್ಲ ಇರುತ್ತದೆ. ವಿಷದ ಸಾವಾದರೆ ಮದ್ರಾಸ್, ಬೊಂಬಾಯಿ ಸರ್ಕಾರಗಳ ಕೆಮಿಕಲ್ ಎಗ್ಸಾಮಿನರ್‌ಗಳ ವಾರ್ಷಿಕ ವರದಿಗಳನ್ನೂ ನೋಡಬಹುದು. ಕಣಗಿಲೆ ಬೇರು, ದತ್ತೂರಿ ಬೀಜ, ಪಾಷಾಣದ ಪ್ರಕರಣಗಳು ಅಲ್ಲಿವೆ. ಹೆಸರು ಸಿಗುವುದು ಅಪರೂಪ. ಜಿಲ್ಲೆ ಮತ್ತು ಘಟನೆ ಹೊಂದಿದರೆ ನಿಮ್ಮದೇ ಇರಬಹುದು ಅಂತ ಪೆನ್ಸಿಲ್ಲಿನಲ್ಲಿ ಗುರುತು ಮಾಡಿಡಿ, ಅಷ್ಟೇ.

ಮುಂಬೈಯಲ್ಲಿ ಸತ್ತವರಿಗೆ ದಾರಿಯೇ ಬೇರೆ. ದಕ್ಷಿಣ ಕನ್ನಡದಿಂದ ಹೋಟೆಲ್ ಕೆಲಸಕ್ಕೆ, ಉತ್ತರ ಕರ್ನಾಟಕದಿಂದ ಕೂಲಿಗೆ, ಗಿರಣಿಗೆ ಹೋದವರ ಮನೆಗಳಲ್ಲಿ "ಬೊಂಬಾಯಲ್ಲಿ ತೀರಿಕೊಂಡ್ರಂತೆ" ಅನ್ನುವ ಒಬ್ಬರು ಇದ್ದೇ ಇರುತ್ತಾರೆ. ಆ ನಗರದಲ್ಲಿ 1871ರ ಕಾಯ್ದೆಯಡಿ ಕರೋನರ್ ಅಂತ ಅಧಿಕಾರಿ ಇದ್ದರು. ಅಪಘಾತ, ಕೊಲೆ, ಆತ್ಮಹತ್ಯೆ, ಕಾರಣ ತಿಳಿಯದ ಹಠಾತ್ ಸಾವು, ಜೈಲಿನ ಸಾವು ಅವರ ಮುಂದೆ ಬರುತ್ತಿತ್ತು. ಪೊಲೀಸ್ ಪಂಚರ ಬದಲು ಜ್ಯೂರಿ ಕೂರುತ್ತಿತ್ತು, ಸಾಕ್ಷಿಗಳು ಪ್ರಮಾಣ ಮಾಡಿ ಹೇಳುತ್ತಿದ್ದರು. ಕಲ್ಕತ್ತಾದಲ್ಲೂ ಈ ಪದ್ಧತಿ ಇತ್ತು. ಮದ್ರಾಸಿನಲ್ಲಿ 1889ರಲ್ಲೇ ತೆಗೆದುಹಾಕಿದರು. ಮುಂಬೈಯಲ್ಲಿ ಮಾತ್ರ 1999ರವರೆಗೆ ನಡೆಯಿತು.

ಕರೋನರ್ ಕೋರ್ಟಿನ ವಿಚಾರಣೆಗಳನ್ನು ಆಗಿನ ಇಂಗ್ಲಿಷ್ ಪತ್ರಿಕೆಗಳು ಬಿಡದೆ ಬರೆಯುತ್ತಿದ್ದವು. ಟೈಮ್ಸ್ ಆಫ್ ಇಂಡಿಯಾದ ಹಳೇ ಸಂಚಿಕೆಗಳನ್ನು ದೊಡ್ಡ ವಿಶ್ವವಿದ್ಯಾಲಯದ ಗ್ರಂಥಾಲಯಗಳ ಕಂಪ್ಯೂಟರಿನಲ್ಲಿ ಪದ ಹಾಕಿ ಹುಡುಕಬಹುದು. ಬಾಂಬೆ ಕ್ರಾನಿಕಲ್ ಪತ್ರಿಕೆ ಮುಂಬೈ ಏಷ್ಯಾಟಿಕ್ ಸೊಸೈಟಿಯ ಗ್ರಂಥ ಸಂಜೀವನಿ ಜಾಲತಾಣದಲ್ಲಿದೆ. ಶೆಟ್ಟಿ ಅನ್ನುವ ಒಂದು ಹೆಸರನ್ನೇ ಸೆಟ್ಟಿ, ಶೆಟಿ, ಚೆಟ್ಟಿ ಅಂತೆಲ್ಲ ಹಾಕಿ ನೋಡಬೇಕು. ಹೆಸರಿನಿಂದ ಸಿಗದಿದ್ದರೆ ಹೋಟೆಲಿನ ಬೀದಿ, ಗಿರಣಿಯ ಹೆಸರು, ಚಾಳಿನ ಹೆಸರು ಹಾಕಿ. ಸಿಂಗಾಪುರಕ್ಕೆ ಹೋದವರಾದರೆ ಅಲ್ಲೂ ಕರೋನರ್ ಇದ್ದರು. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ನ್ಯೂಸ್‌ಪೇಪರ್‌ಎಸ್‌ಜಿ ತಾಣದಲ್ಲಿ ಸ್ಟ್ರೇಟ್ಸ್ ಟೈಮ್ಸ್ ಪತ್ರಿಕೆ 1845ರಿಂದ ಓದಲು ಸಿಗುತ್ತದೆ.

ಕೊನೆಯದಾಗಿ ಕೆಲಸದ ಜಾಗದ ಸಾವು. ಕೋಲಾರದ ಚಿನ್ನದ ಗಣಿಯಲ್ಲಿ ಆಳ ಹೆಚ್ಚಿದ ಹಾಗೆ ಬಂಡೆ ಸಿಡಿಯುವುದು ಹೆಚ್ಚಾಯಿತು. ಹಳೇ ವರದಿಗಳಲ್ಲಿ ಇದನ್ನು ಏರ್‌ಬ್ಲಾಸ್ಟ್ ಅಂತ ಬರೆದಿದ್ದಾರೆ, ಹುಡುಕುವಾಗ ಆ ಪದವನ್ನೇ ಹಾಕಿ. ಮೈಸೂರು ಸರ್ಕಾರದ ಗಣಿ ಮುಖ್ಯ ಇನ್ಸ್‌ಪೆಕ್ಟರರ ವಾರ್ಷಿಕ ವರದಿಗಳಲ್ಲಿ ಸಾವು ತಂದ ಅಪಘಾತಗಳು ಬರುತ್ತವೆ. ಯಾವ ಗಣಿ ಅನ್ನುವುದು ಮೊದಲೇ ಗೊತ್ತಿರಲಿ. ಚಾಂಪಿಯನ್ ರೀಫ್, ನಂದಿದುರ್ಗ, ಊರ್ಗಾಂ, ಮೈಸೂರು ಮೈನ್ ಎಲ್ಲ ಬೇರೆಬೇರೆ.

ಅದಕ್ಕಿಂತ ಬೆಲೆಬಾಳುವುದು ಪರಿಹಾರದ ಕಡತ. ಬ್ರಿಟಿಷ್ ಸೀಮೆಯಲ್ಲಿ 1924ರ ಜುಲೈನಿಂದ ಜಾರಿಗೆ ಬಂದ ಕಾರ್ಮಿಕರ ಪರಿಹಾರ ಕಾಯ್ದೆಯ ಪ್ರಕಾರ, ಕೆಲಸದಲ್ಲಿ ಸತ್ತವರ ಹಣವನ್ನು ಮಾಲೀಕರು ನೇರ ಮನೆಯವರಿಗೆ ಕೊಡುವ ಹಾಗಿರಲಿಲ್ಲ. ಕಮಿಷನರ ಹತ್ತಿರ ಇಡಬೇಕಿತ್ತು. ಅವರು ಅವಲಂಬಿತರು ಯಾರು ಯಾರು ಅಂತ ವಿಚಾರಿಸಿ ಹಂಚುತ್ತಿದ್ದರು. ಹೆಂಡತಿ, ಮಕ್ಕಳು, ಮುದಿ ತಾಯಿ, ಅವರವರ ವಯಸ್ಸು, ಯಾರಿಗೆ ಎಷ್ಟು, ಎಲ್ಲ ಅದರಲ್ಲಿ ಬರುತ್ತದೆ. ಗಿರಣಿ, ರೈಲ್ವೆ, ಬಂದರಿನಲ್ಲಿ ಸತ್ತವರಿಗೂ ಇದು ಅನ್ವಯಿಸುತ್ತಿತ್ತು. ಈಗ ಇಂಥ ಹಳೇ ಕಡತಗಳನ್ನು ಕಾರ್ಮಿಕ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ. ಅರ್ಜಿಯಲ್ಲಿ ಸತ್ತವರ ಹೆಸರಿನ ಜೊತೆ ಹೆಂಡತಿಯ ಹೆಸರನ್ನೂ ಬರೆಯಿರಿ. ಕಡತ ಅವರ ಹೆಸರಿನಲ್ಲೇ ತೆರೆದಿರುವ ಸಾಧ್ಯತೆ ಇದೆ.